ಹಳೇ ಸೆಸ್ನಾದ ವಾರ್ಷಿಕ ತಪಾಸಣೆ: ಹಾಸನದಿಂದ ಓಡಾಡಿ ಮುಗಿಸಿದ ಅನುಭವ

ನಮ್ಮ ವಿಮಾನದ ವಾರ್ಷಿಕ ತಪಾಸಣೆ ಈಗಷ್ಟೇ ಮುಗಿದಿದೆ. ಸ್ವಂತ ಸಣ್ಣ ವಿಮಾನ ಇಟ್ಟುಕೊಂಡವರು ನಮ್ಮ ಕಡೆ ಬೆರಳೆಣಿಕೆಯಷ್ಟು. ಆದರೆ ಪಾಲಿನಲ್ಲಿ ಒಂದು ಹಳೇ ಸೆಸ್ನಾ ಕೊಳ್ಳೋಣ ಅಂತ ಆಸೆ ಇರುವವರು ಸಕಲೇಶಪುರ, ಮೂಡಿಗೆರೆ ಕಡೆಯಿಂದ ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಇಂಧನದ ಖರ್ಚು, ಪೈಲಟ್ ಲೈಸೆನ್ಸ್ ಇಷ್ಟೇ. ವರ್ಷಕ್ಕೊಮ್ಮೆ ವಿಮಾನವನ್ನು ಬಿಚ್ಚಿ ನೋಡಬೇಕು, ಅದಕ್ಕೆ ಎಷ್ಟು ಸಮಯ ಹಿಡಿಯುತ್ತೆ, ಎಷ್ಟು ದುಡ್ಡು ಬೇಕು, ಯಾವ ಕಾಗದ ಬೇಕು ಅಂತ ಯಾರೂ ಕೇಳಲ್ಲ. ನೆನಪು ಹಸಿಯಾಗಿರುವಾಗಲೇ ಅದನ್ನು ಬರೆದುಬಿಡುತ್ತೇನೆ.

ವಿಮಾನ ನನ್ನದು ಮತ್ತು ನನ್ನ ಭಾವನದು, ಅರ್ಧ ಅರ್ಧ. 1970ರ ದಶಕದ ಸೆಸ್ನಾ 172, ನಾಲ್ಕು ಸೀಟು, ಲೈಕಮಿಂಗ್ ಓ-320 ಎಂಜಿನ್. ಈ ಮಾದರಿ 1956ರಿಂದ ತಯಾರಾಗುತ್ತಿದೆ, ಇಲ್ಲಿಯವರೆಗೆ 44,000ಕ್ಕಿಂತ ಜಾಸ್ತಿ ವಿಮಾನ ಬಂದಿವೆ. ಹಾಗಾಗಿ ವಯಸ್ಸಾದ ವಿಮಾನ ಆದರೂ ಬಿಡಿಭಾಗ ಸಿಗುತ್ತೆ. ನಾವಿರುವುದು ಹಾಸನದಲ್ಲಿ, ತೋಟ ಸಕಲೇಶಪುರದ ಹತ್ತಿರ, ವಿಮಾನ ಮಾತ್ರ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ. ನಮ್ಮೂರಿನ ಬೂವನಹಳ್ಳಿ ವಿಮಾನ ನಿಲ್ದಾಣ ಬಳಕೆಗೆ ಬರುವವರೆಗೂ ಇದೇ ಗತಿ. ಹೋದರೂ ಬಂದರೂ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಬೆಳಗಿನ ಜಾವ ಐದಕ್ಕೆ ಮನೆ ಬಿಟ್ಟರೆ ನೆಲಮಂಗಲದ ಟ್ರಾಫಿಕ್ ಶುರುವಾಗುವ ಮೊದಲೇ ದಾಟಿಬಿಡಬಹುದು.

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ನಾವು ಸುಮ್ನೆ ‘ಆನುಯಲ್’ ಅಂತ ಒಂದೇ ಹೆಸರಲ್ಲಿ ಕರೆದರೂ ಅದರೊಳಗೆ ಎರಡು ಬೇರೆ ಕೆಲಸಗಳಿವೆ. ಒಂದು, ವಿಮಾನವನ್ನು ಬಿಚ್ಚಿ ನೋಡಿ, ರಿಪೇರಿ ಮಾಡಿ, ಲೈಸೆನ್ಸ್ ಇರುವ ಎಎಂಇ, ಅಂದರೆ ವಿಮಾನದ ಎಂಜಿನಿಯರ್, ಸಹಿ ಹಾಕಿ ಹಾರಾಟಕ್ಕೆ ಬಿಡುವುದು. ಇನ್ನೊಂದು, ವಿಮಾನದ ದಾಖಲೆಗಳನ್ನೂ ವಿಮಾನವನ್ನೂ ಒಟ್ಟಿಗೆ ಪರಿಶೀಲಿಸಿ ಎಆರ್‌ಸಿ ಕೊಡುವುದು. ಎಆರ್‌ಸಿ ಅಂದರೆ ಈ ವಿಮಾನ ಹಾರಾಟಕ್ಕೆ ಯೋಗ್ಯ ಅನ್ನುವ ಪತ್ರ, ಒಂದು ವರ್ಷಕ್ಕೆ ಕೊಡುತ್ತಾರೆ. ಈ ಪರಿಶೀಲನೆಯನ್ನು ಕ್ಯಾಮೊ ಮಾಡುತ್ತೆ, ಅಂದರೆ ವಿಮಾನಗಳ ಹಾರಾಟ ಯೋಗ್ಯತೆಯ ಉಸ್ತುವಾರಿ ನೋಡೋಕೆ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನಿಯಂತ್ರಣ ಇಲಾಖೆ) ಒಪ್ಪಿಗೆ ಪಡೆದ ಸಂಸ್ಥೆ. ಎರಡೂ ಆಗಬೇಕು. ಎಂಜಿನಿಯರ್ ಸಹಿ ಬಿತ್ತು, ಇನ್ನು ಹಾರಬಹುದು ಅಂದುಕೊಂಡರೆ ಆಗಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿ. ಡಿಜಿಸಿಎಯ ಕಾರ್-ಎಂ ನಿಯಮದ ಪ್ರಕಾರ ವಿಮಾನ ಹಾರಾಟಕ್ಕೆ ಯೋಗ್ಯವಾಗಿ ಇರುವಂತೆ ನೋಡಿಕೊಳ್ಳುವ ಹೊಣೆ ಮಾಲೀಕನದು. ಕ್ಯಾಮೊ ಜೊತೆ ಒಪ್ಪಂದ ಮಾಡಿಕೊಂಡರೆ ಆ ಕೆಲಸ ಅವರಿಗೆ ಹೋಗುತ್ತೆ ನಿಜ. ಆದರೆ ಯಾವ ಕೆಲಸ ಯಾವಾಗ ಬರುತ್ತೆ ಅಂತ ಮಾಲೀಕನಿಗೇ ಗೊತ್ತಿಲ್ಲದಿದ್ದರೆ ಒಪ್ಪಂದ ಇಟ್ಟುಕೊಂಡು ಏನು ಪ್ರಯೋಜನ? ವಿಮಾನದಲ್ಲಿ ಕೂರೋದು ನಾವು, ನಮ್ಮ ಮಕ್ಕಳು.

ನಮ್ಮ ಎಆರ್‌ಸಿ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗಿಬಿಡುತ್ತೆ, ಆಮೇಲೆ ತೋಟ ಬಿಟ್ಟು ಎಲ್ಲೂ ಅಲ್ಲಾಡೋಕಾಗಲ್ಲ. ನಿಯಮದಲ್ಲಿ ಒಂದು ಅನುಕೂಲ ಇದೆ: ಅವಧಿ ಮುಗಿಯುವ 90 ದಿನ ಮೊದಲೇ ಪರಿಶೀಲನೆ ಮಾಡಿಸಿದರೂ ಹಳೇ ತಾರೀಖು ಕೈ ತಪ್ಪಲ್ಲ, ಹೊಸ ವರ್ಷ ಅಲ್ಲಿಂದಲೇ ಎಣಿಕೆ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ಹ್ಯಾಂಗರ್‌ಗೆ, ಅಂದರೆ ವಿಮಾನ ರಿಪೇರಿ ಮಾಡುವ ಶೆಡ್‌ಗೆ, ಕೊಡೋಣ ಅಂತ ತೀರ್ಮಾನ ಮಾಡಿದೆವು. ತಡವಾಗಿ ಎಆರ್‌ಸಿ ಅವಧಿ ಮುಗಿದುಹೋದರೆ ವಿಮಾನ ಅಲ್ಲೇ ನಿಲ್ಲುತ್ತೆ. ಬೇರೆ ಊರಿನ ಹ್ಯಾಂಗರ್‌ಗೆ ಹಾರಿಸಿಕೊಂಡು ಹೋಗೋಕೂ ವಿಶೇಷ ಅನುಮತಿ ಬೇಕು.

ಹ್ಯಾಂಗರ್‌ನಲ್ಲಿ ಜಾಗ ಸಿಗುವುದೇ ಮೊದಲ ಕಾಯುವಿಕೆ. ಫ್ಲೈಯಿಂಗ್ ಸ್ಕೂಲ್‌ಗಳ ವಿಮಾನ ದಿನಾ ಹಾರುತ್ತವೆ, 50 ಗಂಟೆ, 100 ಗಂಟೆ ಅಂತ ಒಂದರ ಹಿಂದೆ ಒಂದು ತಪಾಸಣೆಗೆ ಬಂದು ನಿಲ್ಲುತ್ತವೆ. ತಿಂಗಳಿಗೆ ನಾಲ್ಕಾರು ಗಂಟೆ ಹಾರುವ ನಮ್ಮಂಥವರ ಸರದಿ ಹಿಂದೆ ಬೀಳುವುದು ಸಹಜ. ಅದರಲ್ಲಿ ಯಾರದ್ದೂ ತಪ್ಪಿಲ್ಲ. ಎರಡು ತಿಂಗಳು ಮೊದಲೇ ಮಾತಾಡಿ, ತಾರೀಖು ಬರೆಸಿಕೊಳ್ಳಿ, ವಾರಕ್ಕೊಮ್ಮೆ ಫೋನ್ ಮಾಡಿ.

ಆ ಕಾಯುವ ಹೊತ್ತಲ್ಲಿ ಕಾಗದಗಳನ್ನು ಜೋಡಿಸಿಕೊಳ್ಳಿ. ವಿಮಾನದ ಲಾಗ್ ಬುಕ್, ಎಂಜಿನ್ ಲಾಗ್ ಬುಕ್, ಪ್ರೊಪೆಲ್ಲರ್ ಲಾಗ್ ಬುಕ್, ಜರ್ನಿ ಲಾಗ್ ಬುಕ್, ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಮೂಲ ಪತ್ರ, ಹಿಂದಿನ ಎಆರ್‌ಸಿ, ತೂಕದ ಪಟ್ಟಿ, ವಿಮೆ, ರೇಡಿಯೋಗೆ ಕೇಂದ್ರದ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿ ಕೊಡುವ ಲೈಸೆನ್ಸ್. ಇವೆಲ್ಲ ಒಂದೇ ಚೀಲದಲ್ಲಿ ಇರಲಿ. ಎಲ್ಲಕ್ಕಿಂತ ಮುಖ್ಯ ಎಡಿ ಪಟ್ಟಿ. ಒಂದು ಮಾದರಿಯಲ್ಲಿ ಅಪಾಯದ ದೋಷ ಕಂಡುಬಂದರೆ ಅದು ತಯಾರಾದ ದೇಶದ ವಿಮಾನಯಾನ ಇಲಾಖೆ ಕಡ್ಡಾಯ ಸೂಚನೆ ಹೊರಡಿಸುತ್ತೆ, ಅದೇ ಎಡಿ. ಸೆಸ್ನಾ ಅಮೆರಿಕದ್ದಾದ್ದರಿಂದ ಅಲ್ಲಿನ ಎಫ್‌ಎಎ ಹೊರಡಿಸಿದ್ದು ಇಲ್ಲಿ ನಮಗೂ ಕಡ್ಡಾಯ. ವಿಮಾನದ ಬಾಡಿ, ಎಂಜಿನ್, ಪ್ರೊಪೆಲ್ಲರ್, ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ, ಕಾರ್ಬುರೇಟರ್, ಪ್ರತಿಯೊಂದಕ್ಕೂ ಬೇರೆ ಬೇರೆ ಪಟ್ಟಿ. ಭಾವ ಕೂತು ಇದನ್ನೆಲ್ಲ ಒಂದು ಶೀಟಿಗೆ ಇಳಿಸಿದರು. ಆ ಶೀಟು ಮುಂದೆ ನಮ್ಮನ್ನು ಉಳಿಸಿತು, ಹೇಳುತ್ತೇನೆ.

ಕೆಲಸ ಶುರುವಾದ ದಿನ ನಾನು ಅಲ್ಲೇ ಇದ್ದೆ. ಎಂಜಿನಿಯರ್ ಹಿರಿಯರು, ತುಮಕೂರು ಕಡೆಯವರು, ಪಿಸ್ಟನ್ ಎಂಜಿನ್‌ಗಳಲ್ಲೇ ತಲೆ ಬೆಳ್ಳಗಾದವರು. ಅವರು ಮೊದಲು ಕೇಳಿದ್ದು, “ಗೌಡ್ರೇ, ಮಳೆಗಾಲದಲ್ಲಿ ಎಷ್ಟು ಹಾರಿಸಿದ್ರಿ?” ಜಾಸ್ತಿ ಇಲ್ಲ ಸಾರ್, ಮೋಡ ಬಿಡಲಿಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದು ಎಲ್ಲ ಮಾಲೀಕರಿಗೂ ಬೇಕಾದ ಮಾತು. ಲೈಕಮಿಂಗ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಜಿನ್‌ನ ಮೇಲ್ಭಾಗದಲ್ಲಿದೆ. ನಿಲ್ಲಿಸಿಟ್ಟರೆ ಎಣ್ಣೆ ಕೆಳಗೆ ಇಳಿದುಹೋಗಿ ಅದು ಒಣಗುತ್ತೆ, ತೇವಕ್ಕೆ ತುಕ್ಕು ಹಿಡಿಯುತ್ತೆ. ಕಂಪನಿಯೇ ಹೇಳುವಂತೆ 30 ದಿನಕ್ಕೊಮ್ಮೆಯಾದರೂ ಒಂದು ಗಂಟೆ ಹಾರಿಸಿ ಎಣ್ಣೆ ಚೆನ್ನಾಗಿ ಬಿಸಿಯಾಗಬೇಕು. ನೆಲದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಒಳಗೆ ನೀರಿನ ಅಂಶ ಹೆಚ್ಚಾಗುವುದೇ ಹೊರತು ಉಪಯೋಗ ಇಲ್ಲ. ಮಲೆನಾಡಿನವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಗಾಳಿ ಸೋರದೆ ಹಿಡಿದಿಡುತ್ತಾ ಅಂತ ನೋಡುವುದು. ಎಂಜಿನ್ ಬಿಸಿ ಇರುವಾಗಲೇ ಮಾಡಬೇಕು. ಓಡಿಸಿ ತಂದು ನಿಲ್ಲಿಸಿ, ಮೇಲಿನ ಸಾಲಿನ ಪ್ಲಗ್ ಬಿಚ್ಚಿದರು. ಒಬ್ಬ ಹುಡುಗ ಪ್ರೊಪೆಲ್ಲರ್ ಅನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನಿಂತ, ಯಾಕೆಂದರೆ ಗಾಳಿ ಒತ್ತಿದಾಗ ಅದು ಒದೆಯಬಹುದು. ಒಂದೊಂದೇ ಸಿಲಿಂಡರ್‌ಗೆ 80 ಪಿಎಸ್‌ಐ ಒತ್ತಡದಲ್ಲಿ ಗಾಳಿ ಬಿಡುತ್ತಾರೆ, ಎಷ್ಟು ಉಳಿಯುತ್ತೆ ಅಂತ ಎರಡನೇ ಮೀಟರ್ ತೋರಿಸುತ್ತೆ. ಮೂರು ಸಿಲಿಂಡರ್ 74ರ ಮೇಲೆ ಬಂದವು. ಇನ್ನೊಂದು 64ಕ್ಕೆ ನಿಂತಿತು. ನನ್ನ ಎದೆ ಧಸಕ್ ಅಂತು. ಸಿಲಿಂಡರ್ ಇಳಿಸಬೇಕಾದರೆ ಖರ್ಚು ಒಂದು ಕಡೆ, ಕಾಯುವ ತಿಂಗಳುಗಳು ಇನ್ನೊಂದು ಕಡೆ.

“ಬನ್ನಿ, ಇಲ್ಲಿ ಕಿವಿ ಕೊಡಿ” ಅಂತ ಎಂಜಿನಿಯರ್ ನನ್ನನ್ನು ಎಕ್ಸಾಸ್ಟ್ ಪೈಪ್ ಹತ್ತಿರ ಬಗ್ಗಿಸಿದರು. ಸಣ್ಣಗೆ ಸುಯ್ಯ್ ಅನ್ನುವ ಸದ್ದು. ಅಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬುರೇಟರ್ ಕಡೆ ಬಂದರೆ ಇನ್‌ಟೇಕ್ ವಾಲ್ವ್. ಎಣ್ಣೆ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್. ಲೈಕಮಿಂಗ್ ಲೆಕ್ಕದಲ್ಲಿ ಎಲ್ಲಾ ಸಿಲಿಂಡರ್ 70ರ ಮೇಲೆ, ಹೆಚ್ಚುಕಮ್ಮಿ ಒಂದೇ ಸಮ ಇದ್ದರೆ ಸರಿ. 65ರ ಕೆಳಗೆ ಬಂದರೆ ಸವೆತ, 60ರ ಕೆಳಗೆ ಹೋದರೆ ಸಿಲಿಂಡರ್ ಬಿಚ್ಚುವ ಮಾತು. ಅವರು ಅವಸರ ಮಾಡಲಿಲ್ಲ. ಒಳಗೆ ಕ್ಯಾಮೆರಾ ಇಳಿಸಿ ವಾಲ್ವ್ ನೋಡಿದರು, ಬಣ್ಣ ಸುತ್ತಲೂ ಒಂದೇ ತರಹ ಇತ್ತು. ವಾಲ್ವ್ ಸುಡುತ್ತಿದ್ದರೆ ಒಂದು ಅಂಚು ಬೇರೆ ಬಣ್ಣಕ್ಕೆ ತಿರುಗಿರುತ್ತೆ. ಪ್ಲಗ್ ಹಾಕಿ ಮತ್ತೆ ಎಂಜಿನ್ ಓಡಿಸಿ ಮತ್ತೆ ಅಳೆದಾಗ 73. ವಾಲ್ವ್ ಕೂರುವ ಜಾಗದಲ್ಲಿ ಚೂರು ಕಾರ್ಬನ್ ಸಿಕ್ಕಿಕೊಂಡಿತ್ತು ಅಂತ ಅವರ ಅಂದಾಜು. ನಾವು ಅಲ್ಲಿ ಇಲ್ಲದೆ ಬರೀ 64 ಅಂತ ಫೋನಲ್ಲಿ ಕೇಳಿದ್ದರೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಹೇಳೋದು, ಮೊದಲ ಎರಡು ಮೂರು ದಿನ ಹ್ಯಾಂಗರ್‌ನಲ್ಲೇ ಇರಿ.

ಪ್ಲಗ್‌ಗಳಲ್ಲಿ ಕೆಳಗಿನ ಸಾಲಿನವು ಯಾವಾಗಲೂ ಜಾಸ್ತಿ ಕೊಳೆ. ನಾವು ಹಾಕುವ ಏವ್‌ಗ್ಯಾಸ್ 100ಎಲ್‌ಎಲ್‌ನಲ್ಲಿ ಸೀಸ ಇದೆ, ಅದು ಪ್ಲಗ್ ಬಾಯಲ್ಲಿ ಸಣ್ಣ ಬೂದು ಮಣಿಗಳಾಗಿ ಕೂರುತ್ತೆ. ಚಿಮಟದಲ್ಲಿ ಕಿತ್ತು ತೆಗೆದು ನನ್ನ ಅಂಗೈಗೆ ಹಾಕಿದರು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಸೀಸ ಅದು. ಅಂದ ಹಾಗೆ ಈ ಇಂಧನ ಮೊದಲು ಪೂರ್ತಿ ಹೊರದೇಶದಿಂದಲೇ ಬರುತ್ತಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಿದ್ದನ್ನು ಬಿಡುಗಡೆ ಮಾಡಿತು. ಎಣ್ಣೆ ಫಿಲ್ಟರ್ ಅನ್ನು ಹಾಗೇ ಎಸೆಯಲ್ಲ. ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಲೋಹದ ಚೂರು ಇದೆಯಾ ಅಂತ ಮಡಿಕೆ ಮಡಿಕೆಯಾಗಿ ನೋಡುತ್ತಾರೆ. ಆಮೇಲೆ ಮ್ಯಾಗ್ನೆಟ್ ಆಡಿಸುತ್ತಾರೆ. ನಮ್ಮದರಲ್ಲಿ ಸ್ವಲ್ಪ ಕಾರ್ಬನ್ ಬಿಟ್ಟರೆ ಏನೂ ಇರಲಿಲ್ಲ.

ಬಾಡಿ ಕಡೆ ರೆಕ್ಕೆ ಕೆಳಗಿನ ಪ್ಯಾನೆಲ್‌ಗಳು, ಬಾಲದ ಪ್ಯಾನೆಲ್‌ಗಳು, ಸೀಟು, ಕಾರ್ಪೆಟ್ ಎಲ್ಲಾ ಹೊರಗೆ. ಕಂಟ್ರೋಲ್ ಕೇಬಲ್‌ಗಳನ್ನು ಹತ್ತಿ ಬಟ್ಟೆಯಲ್ಲಿ ಉಜ್ಜುತ್ತಾ ಹೋಗುತ್ತಾರೆ. ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತೆ. ಎಡ ರೆಕ್ಕೆಯ ಒಳಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಸಿಕ್ಕಿತು. ಅಲ್ಲಿ ಇದ್ದದ್ದರಿಂದ ತೊಂದರೆ ಇಲ್ಲ. ಅದೇ ಹುಳ ವೇಗ ತೋರಿಸುವ ಪಿಟೋ ಕೊಳವೆಯಲ್ಲೋ ಟ್ಯಾಂಕಿಗೆ ಗಾಳಿ ಹೋಗುವ ಕೊಳವೆಯಲ್ಲೋ ಕಟ್ಟಿದರೆ ಜೀವಕ್ಕೆ ಅಪಾಯ. ವಿಮಾನ ನಿಲ್ಲಿಸಿದ ತಕ್ಷಣ ಪಿಟೋಗೆ ಕವರ್ ಹಾಕಿ, ಒಂದು ರಾತ್ರಿಗೇ ಅಂದರೂ ಹಾಕಿ.

ಆಮೇಲೆ ಸಿಕ್ಕಿದ್ದು ನಿಜವಾದ ದೋಷ. ಎಂಜಿನ್ ಕೆಳಗೆ ಹೊಗೆ ಹಾದುಹೋಗುವ ಮಫ್ಲರ್‌ಗೆ ಸುತ್ತ ಒಂದು ತಗಡಿನ ಕವಚ ಇದೆ. ಕ್ಯಾಬಿನ್ ಹೀಟರ್‌ಗೆ ಬಿಸಿ ಗಾಳಿ ಅಲ್ಲಿಂದಲೇ ಬರುವುದು. ಆ ಕವಚ ಬಿಚ್ಚಿ, ಟಾರ್ಚ್ ಹಿಡಿದು ನೋಡಿದಾಗ ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಸುತ್ತ ಬೂದಿ ಬಣ್ಣದ ಪುಡಿ ಅಂಟಿತ್ತು, ಹೊಗೆ ಸೋರಿದ ಗುರುತು ಅದು. ಕವಚ ಬಿಚ್ಚದೆ ಇದು ಕಾಣಲ್ಲ. ಬಿರುಕು ದೊಡ್ಡದಾದರೆ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಕ್ಯಾಬಿನ್‌ಗೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಭಾರವಾಗುವಷ್ಟರಲ್ಲಿ ಪೈಲಟ್‌ನ ಬುದ್ಧಿ ಮಂಕಾಗಿರುತ್ತೆ. ಹೋದ ಜನವರಿಯಲ್ಲಿ ಬೆಳಗಿನ ಚಳಿಗೆ ಹೀಟರ್ ಹಾಕಿಕೊಂಡು ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಹಾರಿದ್ದೆವು. ಭಾವ ಆ ಬಿರುಕನ್ನು ನೋಡಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಅವತ್ತೇ ಬ್ಯಾಟರಿಯ ಸಿಒ ಡಿಟೆಕ್ಟರ್ ಒಂದಕ್ಕೆ ಆರ್ಡರ್ ಕೊಟ್ಟೆವು. ನೀವೂ ತಗೊಳ್ಳಿ, ಇಡೀ ತಪಾಸಣೆಯ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮಫ್ಲರ್ ಇಲ್ಲಿ ಸಿಗಲಿಲ್ಲ, ಅಮೆರಿಕದಿಂದಲೇ ತರಿಸಬೇಕಾಯಿತು. ಇಲ್ಲಿ ಒಂದು ಎಚ್ಚರಿಕೆ. ವಿಮಾನಕ್ಕೆ ಬಿಡಿಭಾಗ ಎಷ್ಟು ಮುಖ್ಯವೋ ಅದರ ಜೊತೆ ಬರುವ ಬಿಡುಗಡೆ ಪತ್ರವೂ ಅಷ್ಟೇ ಮುಖ್ಯ. ಅಮೆರಿಕದಿಂದ ಬಂದರೆ ಅದು 8130-3 ಟ್ಯಾಗ್. ಟ್ಯಾಗ್ ಇಲ್ಲದ ಮಫ್ಲರ್ ಬರೀ ತಗಡು. ನಮ್ಮದು ಕಸ್ಟಮ್ಸ್ ದಾಟಿ, ಹ್ಯಾಂಗರ್ ಸ್ಟೋರ್ ತಲುಪಿ, ಪೆಟ್ಟಿಗೆ ಬಿಚ್ಚಿದಾಗ ಟ್ಯಾಗ್‌ನಲ್ಲಿದ್ದ ಪಾರ್ಟ್ ನಂಬರ್‌ನ ಕೊನೆಯ ಅಂಕಿ ಭಾಗದ ಮೇಲಿದ್ದ ಅಂಕಿಗೆ ಹೊಂದಲಿಲ್ಲ. ಕಳಿಸಿದವರ ಕಡೆ ಟೈಪಿಂಗ್ ತಪ್ಪು. ಭಾಗ ಸರಿಯಾದದ್ದೇ, ಆದರೂ ಸ್ಟೋರ್‌ನವರು ತಗೊಳ್ಳಲಿಲ್ಲ, ತಗೊಳ್ಳಲೂಬಾರದು. ಹೊಸ ಟ್ಯಾಗ್ ಬರುವವರೆಗೆ ಮತ್ತೆ ವಾರಗಟ್ಟಲೆ ಕಾಯಬೇಕಾಯಿತು, ಆ ದಿನಗಳ ಹ್ಯಾಂಗರ್ ಬಾಡಿಗೆಯೂ ನಮ್ಮ ಮೇಲೇ ಬಿತ್ತು. ಈಗ ನಾವು ಮಾಡಿರುವ ನಿಯಮ: ರವಾನೆಗೆ ಮೊದಲು ಭಾಗದ ನಂಬರ್ ಪ್ಲೇಟ್‌ದು ಒಂದು ಫೋಟೋ, ಟ್ಯಾಗ್‌ದು ಒಂದು ಫೋಟೋ, ಎರಡೂ ವಾಟ್ಸಾಪ್‌ಗೆ ಬರಬೇಕು. ನೋಡಿ ಹೂಂ ಅಂದ ಮೇಲೆ ಪೆಟ್ಟಿಗೆ ಹೊರಡಬೇಕು.

ಈ ಕಾಯುವಿಕೆಯ ನಡುವೆ ಆಯುಧಪೂಜೆ ಬಂತು. ಮೂಗಿನ ಭಾಗ ಬಿಚ್ಚಿಟ್ಟ ವಿಮಾನಕ್ಕೇ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಪೂಜೆ ಮಾಡಿದೆವು. ಪೂಜೆ ಮಾಡುವವರಿಗೆ ಒಂದು ಕಿವಿಮಾತು: ಅರಿಶಿನ ಕುಂಕುಮ ಪ್ರೊಪೆಲ್ಲರ್ ಮುಂದಿನ ಟೋಪಿಗೆ ಮಾತ್ರ ಇಡಿ. ಬಾಡಿ ಪಕ್ಕದಲ್ಲಿರುವ ಸ್ಟಾಟಿಕ್ ತೂತು ಬಹಳ ಸಣ್ಣದು, ಅದು ಮುಚ್ಚಿದರೆ ಎತ್ತರದ ಮೀಟರ್ ಸುಳ್ಳು ಹೇಳುತ್ತೆ. ಮುಂದಿನ ಗಾಜು ಗಾಜಲ್ಲ, ಪ್ಲಾಸ್ಟಿಕ್. ಒಣ ಕುಂಕುಮ ಒರೆಸಿದರೆ ಗೀರು ಬೀಳುತ್ತೆ.

ಹೊಸ ಟ್ಯಾಗ್ ಬಂದು, ಮಫ್ಲರ್ ಕೂತು, ಪ್ಯಾನೆಲ್‌ಗಳೆಲ್ಲ ಮುಚ್ಚಿ ಎಂಜಿನಿಯರ್ ಸಹಿ ಹಾಕುವ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದಿದ್ದರು. ಊರು ತುಂಬಾ ಜನ. ನಾನು ಮಾತ್ರ ಜಕ್ಕೂರಿನಲ್ಲಿ ಫೈಲ್ ಹಿಡಿದು ಕೂತಿದ್ದೆ, ಯಾಕೆಂದರೆ ಎಆರ್‌ಸಿ ಪರಿಶೀಲನೆ ಶುರುವಾಗಿತ್ತು.

ಪರಿಶೀಲನೆಗೆ ಬಂದವರು ಮರ್ಯಾದಸ್ಥರು, ಆದರೆ ಒಂದಕ್ಷರ ಬಿಡುವವರಲ್ಲ. ಅವರು ಮೊದಲು ಹಿಡಿದದ್ದು ಸೀಟಿನ ಹಳಿಯ ಎಡಿ. ಸೆಸ್ನಾಗಳಲ್ಲಿ ಸೀಟು ಜಾರುವ ಹಳಿಯ ತೂತು ಸವೆದರೆ, ಟೇಕಾಫ್ ವೇಳೆ ಪೈಲಟ್ ಸೀಟು ಹಿಂದಕ್ಕೆ ಜಾರಿಬಿಡುತ್ತೆ. ಸ್ಟೀರಿಂಗ್ ಹಿಡಿದ ಕೈ ಅದನ್ನೂ ಜೊತೆಗೆ ಎಳೆಯುತ್ತೆ, ಮೂಗು ಮೇಲೇಳುತ್ತೆ. ಹೀಗೆ ಅಪಘಾತಗಳಾಗಿವೆ. ಅದಕ್ಕೇ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಹಳಿ, ತೂತು, ಪಿನ್ ನೋಡಬೇಕು ಅಂತ ಎಡಿ ಇದೆ, 2011-10-09 ಅದರ ನಂಬರ್. ನಮಗಿಂತ ಹಿಂದಿನ ಮಾಲೀಕರ ಕಾಲದ ಲಾಗ್ ಬುಕ್‌ನಲ್ಲಿ ಒಂದು ವರ್ಷ ಬರೀ ‘ಮಾಡಿದೆ’ ಅಂತ ಬರೆದಿತ್ತು. ಎಷ್ಟು ಗಂಟೆಗೆ ಮಾಡಿದರು, ಏನು ಕಂಡಿತು, ಒಂದೂ ಇಲ್ಲ. ಆ ಒಂದು ಸಾಲಿಗೆ ಪರಿಶೀಲನೆ ನಿಂತುಬಿಡಬಹುದಿತ್ತು. ಭಾವನ ಶೀಟಿನಲ್ಲಿ ಆಮೇಲಿನ ಪ್ರತಿ ವರ್ಷದ ಗಂಟೆ, ತಾರೀಖು, ಕೆಲಸದ ಕಾಗದದ ನಂಬರ್ ಎಲ್ಲಾ ಇತ್ತು. ಈ ಸಲ ಬಿಚ್ಚಿ ನೋಡಿದ ಅಳತೆಯೂ ಇತ್ತು. ಒಪ್ಪಿಕೊಂಡರು.

ಆಮೇಲೆ ಸಣ್ಣ ಸಣ್ಣ ವಿಷಯ. ಇಂಧನ ಮುಚ್ಚಳದ ಪಕ್ಕ ಯಾವ ಇಂಧನ, ಎಷ್ಟು ಹಿಡಿಯುತ್ತೆ ಅಂತ ಬರೆದ ಸ್ಟಿಕ್ಕರ್ ಬಿಸಿಲಿಗೆ ಮಾಸಿತ್ತು, ಹೊಸದು ಹಾಕಿಸಿ ಅಂದರು. ಬೆಂಕಿ ಆರಿಸುವ ಸಿಲಿಂಡರ್‌ನ ತಾರೀಖು, ಪ್ರಥಮ ಚಿಕಿತ್ಸೆ ಡಬ್ಬಿಯೊಳಗಿನ ಔಷಧಿಯ ತಾರೀಖು, ಅಪಘಾತದಲ್ಲಿ ಸಿಗ್ನಲ್ ಕೊಡುವ ಇಎಲ್‌ಟಿಯ ಬ್ಯಾಟರಿ ತಾರೀಖು. ಇವನ್ನು ನೀವೇ ಮೊದಲು ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಇನ್ನೂರು ರೂಪಾಯಿಯ ಸ್ಟಿಕ್ಕರ್‌ಗೋಸ್ಕರ ಹಾಸನದಿಂದ ಇನ್ನೊಂದು ಸಲ ಓಡಬೇಕಾಗುತ್ತೆ.

ಖರ್ಚು ಹೇಳುತ್ತೇನೆ. ಕೂಲಿ, ಎಣ್ಣೆ, ಫಿಲ್ಟರ್, ಕೆಲವು ಪ್ಲಗ್, ಬ್ರೇಕ್ ಲೈನಿಂಗ್, ಎಆರ್‌ಸಿ ಪರಿಶೀಲನೆ ಎಲ್ಲಾ ಸೇರಿ ಎರಡೂವರೆ ಲಕ್ಷದ ಆಸುಪಾಸು. ಮಫ್ಲರ್, ಸಾಗಣೆ, ತೆರಿಗೆ, ಏಜೆಂಟ್ ಫೀಸು, ಹೆಚ್ಚುವರಿ ಬಾಡಿಗೆ ಸೇರಿ ಇನ್ನೂ ಒಂದೂವರೆ ಲಕ್ಷ ದಾಟಿತು. ಲೆಕ್ಕ ಹಾಕುವಾಗ ಏನೂ ಸಿಗಲ್ಲ ಅಂತ ಅಂದುಕೊಳ್ಳಬೇಡಿ. ಹಳೇ ವಿಮಾನದಲ್ಲಿ ಪ್ರತಿ ವರ್ಷ ಏನಾದರೂ ಸಿಕ್ಕೇ ಸಿಗುತ್ತೆ, ಅಂದಾಜಿನ ಮೇಲೆ ಅರ್ಧದಷ್ಟು ಜಾಸ್ತಿ ಎತ್ತಿಡಿ. ಪಾಲುದಾರರು ಇಬ್ಬರೋ ಮೂವರೋ ಇದ್ದರೆ ಈ ದುಡ್ಡಿಗೆ ಬೇರೆ ಖಾತೆ ತೆಗೆದು ತಿಂಗಳು ತಿಂಗಳು ಹಾಕುತ್ತಾ ಬನ್ನಿ, ಮನಸ್ತಾಪ ಬರಲ್ಲ.

ತಪಾಸಣೆ ಆದ ಮೇಲಿನ ಮೊದಲ ಹಾರಾಟಕ್ಕೆ ಯಾರನ್ನೂ ಕೂರಿಸಬೇಡಿ. ಕೇಬಲ್ ಮುಟ್ಟಿರುತ್ತಾರೆ, ಬೋಲ್ಟ್ ಬಿಚ್ಚಿರುತ್ತಾರೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಏಲೆರಾನ್ (ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ) ಮೇಲಕ್ಕೆ ಏಳುತ್ತಾ ಅಂತ ಕಣ್ಣಾರೆ ನೋಡಿ. ಮೂಗಿನ ಏರಿಳಿತ ಹೊಂದಿಸುವ ಟ್ರಿಮ್ ಕೂಡ ಹಾಗೇ. ನಾನು ರನ್‌ವೇ ಬಿಟ್ಟು ದೂರ ಹೋಗದೆ ಸುತ್ತು ಹಾಕಿ ಇಳಿದೆ. ತಕ್ಷಣ ಎಂಜಿನ್ ಮೇಲಿನ ಕವಚ ತೆಗೆಸಿ ಎಣ್ಣೆ ಸೋರಿದೆಯಾ, ಮಫ್ಲರ್ ಕ್ಲ್ಯಾಂಪ್ ಬಿಗಿ ಇದೆಯಾ ಅಂತ ನೋಡಿದೆವು. ಎಲ್ಲಾ ಒಣಗಿತ್ತು. ಹೀಟರ್ ಹಾಕಿ ಇನ್ನೊಂದು ಸುತ್ತು ಹೋದಾಗ ಡಿಟೆಕ್ಟರ್ ಸೊನ್ನೆಯಲ್ಲೇ ಇತ್ತು.

ಎಡ ಮ್ಯಾಗ್ನೆಟೊಗೆ 500 ಗಂಟೆಯ ತಪಾಸಣೆ ಮುಂದಿನ ವರ್ಷ ಬರುತ್ತೆ ಅಂತ ಎಂಜಿನಿಯರ್ ಬರೆದುಕೊಟ್ಟಿದ್ದಾರೆ. ಅದಕ್ಕೆ ಬೇಕಾದ ಭಾಗಗಳನ್ನು ಟ್ಯಾಗ್ ಸಮೇತ ಮಳೆಗಾಲಕ್ಕೆ ಮುಂಚೆಯೇ ತರಿಸಿಡುತ್ತೇವೆ. ಸೆಪ್ಟೆಂಬರ್‌ಗೆ ಹ್ಯಾಂಗರ್‌ನಲ್ಲಿ ಜಾಗ ಈಗಲೇ ಹೇಳಿಟ್ಟಿದ್ದೇವೆ. ಎಡಿ ಶೀಟಿನ ಖಾಲಿ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ. ನಿಮ್ಮ ಎಂಜಿನ್, ನಿಮ್ಮ ಪ್ರೊಪೆಲ್ಲರ್ ಮಾದರಿ ಪ್ರಕಾರ ಪಟ್ಟಿಯನ್ನು ನೀವೇ ತುಂಬಬೇಕು, ತುಂಬಿದ ಮೇಲೆ ನಿಮ್ಮ ಎಂಜಿನಿಯರ್‌ಗೆ ಒಂದು ಸಲ ತೋರಿಸಿ.